ಎಂಟೂ ಐದರ ಸಾಲು

ಆ ಕಾಗದದಲ್ಲಿ ಇದ್ದದ್ದು ಒಂದೇ ಸಾಲು. ಶುಕ್ರವಾರದ ತಾರೀಖು, ಬೆಳಗಿನ ಎಂಟು ಗಂಟೆ ಐದು ನಿಮಿಷ, ಭಾಲ್ಕಿ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ನರ ಹೆಸರು, ಖಟಕ ಚಿಂಚೋಳಿಯ ಒಬ್ಬ ಬಸುರಿಯ ನೋಂದಣಿ ಸಂಖ್ಯೆ, ಕೊನೆಯಲ್ಲಿ ರಕ್ತದ ಗುಂಪು: ಓ ಪಾಸಿಟಿವ್. ಅದನ್ನು ಕಂಪ್ಯೂಟರಿನಿಂದ ಹುಡುಕಿ ತೆಗೆದು, ಮುದ್ರಿಸಿ, ಕೆಳಗೆ ನನ್ನ ಸಹಿ ಹಾಕಿ ಕೊಟ್ಟವಳು ನಾನು. ಹತ್ತು ನಿಮಿಷದ ಕೆಲಸವಾಗಿತ್ತು. ಮೇಲಿನ ಸಾಲಾಗಲಿ ಕೆಳಗಿನ ಸಾಲಾಗಲಿ ಓದುವ ಗೋಜಿಗೆ ನಾನು ಹೋಗಿರಲಿಲ್ಲ.

ಆ ಹೆಂಗಸಿನ ರಕ್ತ ನಿಜವಾಗಿ ಓ ನೆಗೆಟಿವ್. ಹೆರಿಗೆಗೆಂದು ಬೀದರಿನ ನಮ್ಮ ದೊಡ್ಡ ಆಸ್ಪತ್ರೆಗೆ ಬಂದಾಗ ಅಲ್ಲಿಯವರು ನಿಯಮದಂತೆ ಇನ್ನೊಮ್ಮೆ ಪರೀಕ್ಷೆ ಮಾಡಿದ್ದರಿಂದ ತಪ್ಪು ಬೆಳಕಿಗೆ ಬಂತು. ತಾಯಿ, ಮಗು ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಆಕೆಯ ಅಣ್ಣ ಬಂದು, ಇನ್ನೊಮ್ಮೆ ನೋಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಭಾಲ್ಕಿಯ ಲ್ಯಾಬಿನ ಕೈಬರಹದ ರಿಜಿಸ್ಟರಿನಲ್ಲಿ ನೆಗೆಟಿವ್ ಎಂದೇ ಇತ್ತು. ಅಂದರೆ ಪರೀಕ್ಷೆ ಸರಿ, ಕಂಪ್ಯೂಟರಿಗೆ ಏರಿಸುವಾಗ ತಪ್ಪಾಗಿದೆ. ಏರಿಸಿದವರು ಯಾರು ಎಂದು ಟ್ರಸ್ಟಿನ ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ನಾನು ಆ ಸಾಲು ತೆಗೆದು ಕೊಟ್ಟೆ.

ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ದವಾಖಾನೆ ನಡೆಸುವ ಈ ಟ್ರಸ್ಟಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಭಾಲ್ಕಿಯ ಟೆಕ್ನಿಷಿಯನ್ನರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಬೀದರಿನ ಹಳೆಯ ಪಟ್ಟಣದವರು, ನಿವೃತ್ತಿಗೆ ಹತ್ತಿರ ಬಂದವರು. ದಿನಾ ಮೊದಲ ಬಸ್ಸಿಗೆ ಭಾಲ್ಕಿಗೆ ಹೋಗಿ ಏಳೂವರೆಗೆ ಲ್ಯಾಬಿನ ಬಾಗಿಲು ತೆರೆಯುತ್ತಿದ್ದರು. ಉಪವಾಸವಿದ್ದು ಸಕ್ಕರೆ ಪರೀಕ್ಷೆಗೆ ಬರುವವರು ಅಷ್ಟು ಹೊತ್ತಿಗೇ ಬಂದು ಕುಳಿತಿರುತ್ತಾರೆ. ಕೇಂದ್ರದ ನರ್ಸು, ಎಲ್ಲರ ಬಾಯಲ್ಲಿ ಸಿಸ್ಟರ್, ತಮ್ಮ ಊರು ಭಾತಂಬ್ರಾದಿಂದ ಬರುವಷ್ಟರಲ್ಲಿ ಒಂಬತ್ತಾಗುತ್ತದೆ. ಹಾಗಾಗಿ ಬೆಳಗಿನ ಎಂಟೂ ಐದಕ್ಕೆ ಅಲ್ಲಿ ಇರುವವರು ಚಾಚಾ ಒಬ್ಬರೇ. ಅದನ್ನು ತೋರಿಸಿ ಕೇಳಿದಾಗ ಅವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿ, 'ಹೌದ್ರಿ, ನನ್ನಿಂದೇ ಆಗ್ಯದ' ಎಂದು ಬರೆದು ಕೊಟ್ಟರಂತೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ಇರಿ ಎಂದು ಅವರನ್ನು ಕಳಿಸಿದರು.

ಇದಾದ ವಾರದಲ್ಲೇ ಕಾರ್ಯದರ್ಶಿಗಳು ನನ್ನನ್ನು ಕರೆಸಿ, ಇನ್ನು ಮುಂದೆ ಯಾರು ಏನು ಮಾಡಿದರು ಎಂಬುದರಲ್ಲಿ ಕೂದಲೆಳೆಯಷ್ಟೂ ಅನುಮಾನ ಉಳಿಯಬಾರದು, ಅದಕ್ಕೆ ಏನು ಬೇಕೋ ಮಾಡಿ ಎಂದರು. ನಾನು ಡೈರೆಕ್ಟರಿ ಸರ್ವರ್ ಹಾಕೋಣ ಎಂದೆ. ಅದು ಏನೆಂದು ಅವರಿಗೆ ಹೇಳಿದ ಹಾಗೇ ಇಲ್ಲಿಯೂ ಹೇಳುತ್ತೇನೆ. ಈಗ ಪ್ರತಿ ಊರಿನ ಯಂತ್ರವೂ ತನ್ನದೇ ಒಂದು ಹಾಜರಿ ಪುಸ್ತಕ ಇಟ್ಟುಕೊಂಡಿದೆ, ತನಗೆ ತೋಚಿದ ಹಾಗೆ. ಅದರ ಬದಲು ಮೂರೂ ಊರಿನ ಎಲ್ಲ ಸಿಬ್ಬಂದಿಯ ಹೆಸರು, ಗುಂಪು, ಪಾಸ್‌ವರ್ಡು ಒಂದೇ ಪುಸ್ತಕದಲ್ಲಿ ಇರುತ್ತವೆ. ಯಾರಾದರೂ ಎಲ್ಲಿಯಾದರೂ ಕಂಪ್ಯೂಟರಿನ ಮುಂದೆ ಕುಳಿತರೆ, ಆ ಕಂಪ್ಯೂಟರು ಈ ಪುಸ್ತಕವನ್ನು ಕೇಳಿ ಒಳಗೆ ಬಿಡುತ್ತದೆ. ಒಬ್ಬರಿಗೆ ಒಂದು ಹೆಸರು, ಒಂದೇ ಗುಟ್ಟು. ಕಾರ್ಯದರ್ಶಿಗಳಿಗೆ ಇದು ಹಿಡಿಸಿತು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಚಾಚಾ ಮನೆಯಲ್ಲಿ ಕುಳಿತಿದ್ದರು, ನಾನು ಹೊಸ ಕೆಲಸದ ಹುರುಪಿನಲ್ಲಿದ್ದೆ.

ಬೀದರಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹೊಸ ಯಂತ್ರ ಇಟ್ಟು ಲಿನಕ್ಸ್ ಹಾಕಿದೆ. ಬೇಡದ್ದನ್ನೆಲ್ಲ ತೆಗೆದು ಹಾಕಿ, ಡೈರೆಕ್ಟರಿಯ ಪ್ಯಾಕೇಜು ಇಳಿಸಿ, ಫೈರ್‌ವಾಲಿನಲ್ಲಿ ಅದಕ್ಕೆ ಬೇಕಾದ ಎರಡೇ ಬಾಗಿಲು ತೆರೆದೆ. ಯಂತ್ರದ ಹೆಸರು ಏನು, ಪುಸ್ತಕದ ಬೇರು ಯಾವುದು, ಯಜಮಾನನ ಪಾಸ್‌ವರ್ಡು ಏನು ಎಂಬ ಉತ್ತರಗಳನ್ನು ಒಂದು ಕಡತದಲ್ಲಿ ಮೊದಲೇ ಬರೆದುಕೊಟ್ಟರೆ ಅನುಸ್ಥಾಪನೆ ತಾನೇ ಓದಿಕೊಂಡು ನಡೆಯುತ್ತದೆ. ನಡೆಯಿತು ಕೂಡ. ಆದರೆ ನಾನು ಯಂತ್ರಕ್ಕೆ ಮೋಟು ಹೆಸರು ಕೊಟ್ಟಿದ್ದೆ, ಅದರ ಗುರುತಿನ ಪ್ರಮಾಣಪತ್ರದಲ್ಲಿ ಪೂರ್ಣ ಹೆಸರು ಬರೆದಿದ್ದೆ. ಎರಡೂ ತಾಳೆಯಾಗದೆ, ಕೇಳಲು ಬಂದ ಪ್ರತಿ ಕಂಪ್ಯೂಟರೂ ನೀನು ಯಾರೋ ಬೇರೆ ಎಂದು ಹಿಂದಿರುಗಿತು. ಇಡೀ ದಿನ ಹೋಯಿತು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿದೆ. ಈ ಕೆಲಸದಲ್ಲಿ ತೇಪೆ ಹಾಕಲು ಹೋದರೆ ಆಮೇಲೆ ಅದೇ ಕಾಡುತ್ತದೆ.

ಆಮೇಲೆ ಔರಾದ್. ಮೂರೂ ಊರಿಗೆ ಬೀದರಿನ ಒಂದೇ ಪುಸ್ತಕ ಸಾಲದು. ಇಂಟರ್ನೆಟ್ ಲೈನು ಕಡಿದು ಹೋದ ದಿನ ಔರಾದಿನವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅದಕ್ಕೇ ಪ್ರತಿ ಊರಿನಲ್ಲೂ ಒಂದೊಂದು ನಕಲು ಇಟ್ಟು, ಅವು ತಮ್ಮೊಳಗೆ ತಾವೇ ಸರಿಹೊಂದಿಸಿಕೊಳ್ಳುವ ಹಾಗೆ ಮಾಡಬೇಕಿತ್ತು. ಔರಾದಿನಲ್ಲಿ ಸಿಬ್ಬಂದಿಯ ಪಟ್ಟಿ ಏರಿಸುವಾಗ ಅರ್ಧಕ್ಕೇ ನಿಂತಿತು, 'ಈ ನಮೂದು ಈಗಾಗಲೇ ಇದೆ' ಎಂದು. ನಾನು ಹೆಸರನ್ನೇ ಗುರುತಾಗಿ ಕೊಟ್ಟಿದ್ದೆ. ನಮ್ಮ ಕಡೆ ಎಷ್ಟು ಜನ ಬಸವರಾಜರು ಇರುತ್ತಾರೆ ಎಂಬುದು ಬೀದರಿನಲ್ಲೇ ಹುಟ್ಟಿ ಬೆಳೆದವಳಿಗೆ ಹೊಳೆಯಬೇಡವೇ? ನನ್ನ ಮೇಲೇ ಸಿಟ್ಟು ಬಂತು. ಗುರುತಿಗೆ ಸಿಬ್ಬಂದಿ ಸಂಖ್ಯೆ ಕೊಟ್ಟು, ಹೆಸರನ್ನು ಪಕ್ಕಕ್ಕೆ ಇಟ್ಟು ಮತ್ತೆ ಏರಿಸಿದೆ.

ಅದಕ್ಕಿಂತ ದೊಡ್ಡ ತಡೆ ಬಂದದ್ದು ಮನುಷ್ಯರಿಂದ. ಪಾಸ್‌ವರ್ಡನ್ನು ಯಾರಿಗೂ, ಪಕ್ಕದ ಕುರ್ಚಿಯವರಿಗೂ ಹೇಳಬಾರದು ಎಂದು ನಾನು ವಿವರಿಸುತ್ತಿದ್ದಾಗ ಅಲ್ಲಿ ಔಷಧಿ ಕೊಡುವವರು ಎದ್ದು ನಿಂತರು. ಅವರು ಮಧ್ಯಾಹ್ನದ ಊಟಕ್ಕೆ ಹೋದರೆ ನರ್ಸು ಅವರ ಜಾಗದಲ್ಲಿ ಕೂರುತ್ತಾರೆ, ನರ್ಸಿನ ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಇವರು ಕೂರುತ್ತಾರೆ. ಹತ್ತು ವರ್ಷದಿಂದ ಹಾಗೇ ನಡೆದಿದೆ.

"ಕೇಳಿದ್ರ ಇಲ್ಲ ಅನ್ನೋದು ನಮ್ಮ ಕಡೆ ಇಲ್ರಿ ಮೇಡಂ," ಎಂದರು. "ನಮ್ಮೊಳಗಿನ ಭರೋಸಾ ಮುರೀಲಿಕ್ಕ ಬಂದೀರೇನ್ರಿ?"

ನನಗೆ ತಾಳ್ಮೆ ಕಡಿಮೆ. ಭರೋಸಾ ಭರೋಸಾ ಅಂತ ಕೂತರೆ ಭಾಲ್ಕಿಯಲ್ಲಿ ಆದ ಹಾಗೆ ಆಗುತ್ತದೆ, ಒಬ್ಬರು ನಿರ್ಲಕ್ಷ್ಯ ಮಾಡಿದರೆ ಇನ್ನೊಬ್ಬರ ಜೀವಕ್ಕೆ ಬರುತ್ತದೆ ಎಂದು ಎಲ್ಲರ ಎದುರು ಚಾಚಾನ ಉದಾಹರಣೆ ಕೊಟ್ಟೆ. ಅವರನ್ನು ಬಲ್ಲವರು ಅಲ್ಲಿ ನಾಲ್ಕೈದು ಜನ ಇದ್ದರು. ಎಲ್ಲರೂ ಬಂದು ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ತಮ್ಮ ಹೊಸ ಪಾಸ್‌ವರ್ಡು ಬರೆದುಕೊಂಡು ಹೋದರು. ಮಾತಿನಲ್ಲಿ ಗೆದ್ದೆ ಅಂದುಕೊಂಡು ನಾನು ಬೀದರಿನ ಬಸ್ಸು ಹತ್ತಿದೆ.

ಉಳಿದದ್ದು ಭಾಲ್ಕಿ. ಸೋಮವಾರ ವಿಚಾರಣೆಯ ಸಮಿತಿ ಕೂರಬೇಕು, ಅದರೊಳಗೆ ಅಲ್ಲಿಯ ಕೆಲಸವೂ ಮುಗಿದಿರಬೇಕು ಎಂದು ಕಾರ್ಯದರ್ಶಿಗಳು ಹೇಳಿದ್ದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೀದರಿನಲ್ಲಿ ಭಾಲ್ಕಿಯ ಯಂತ್ರಕ್ಕೆ ಪ್ರಮಾಣಪತ್ರ ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೊರಟೆ. ಭಾಲ್ಕಿಗೆ ಹೊಸ ಯಂತ್ರ ಬಂದಿರಲಿಲ್ಲ. ಲ್ಯಾಬಿನ ದಾಖಲೆಗಳಿರುವ ಹಳೆಯ ಲಿನಕ್ಸ್ ಯಂತ್ರದಲ್ಲೇ ನಕಲು ಇಡಬೇಕಿತ್ತು. ಎರಡು ವರ್ಷದ ಹಿಂದೆ ಅದನ್ನು ಕೂರಿಸಿದವಳೂ ನಾನೇ.

ಚಾಚಾನ ಕುರ್ಚಿ ಖಾಲಿ ಇತ್ತು. ಪರೀಕ್ಷೆ ಮಾಡಲು ಬೀದರಿನಿಂದ ದಿನಕ್ಕೆ ಎರಡು ತಾಸು ಯಾರಾದರೂ ಬಂದು ಹೋಗುತ್ತಿದ್ದರು. ಸಿಸ್ಟರ್ ನನಗೆ ನೀರು ತಂದುಕೊಟ್ಟು, ಹಾಗೇ ತಮ್ಮ ಡ್ರೆಸಿಂಗ್ ಕೋಣೆಗೆ ಹೋದರು. ಮೊದಲು ನಾನು ಬಂದರೆ ಸಾಕು, ಊರ ಸುದ್ದಿಯೆಲ್ಲ ಹೇಳುತ್ತಿದ್ದ ಹೆಂಗಸು. ನಾನು ಕೆಲಸಕ್ಕೆ ಕುಳಿತೆ. ಪ್ಯಾಕೇಜು ಇಳಿಯಿತು, ಉತ್ತರದ ಕಡತ ಓದಿಕೊಂಡಿತು, ಪುಸ್ತಕ ತಯಾರಾಯಿತು. ಬೀದರಿನ ಜೊತೆ ಮಾತಾಡಿಸಲು ಹೋದಾಗ ಭಾಲ್ಕಿಯ ಯಂತ್ರ ಒಲ್ಲೆ ಎಂದಿತು. ಕಾರಣ ಒಂದೇ ಸಾಲಿನಲ್ಲಿತ್ತು: ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಮಾಡಿದ ಪತ್ರ ಮಧ್ಯಾಹ್ನ ಹನ್ನೆರಡಕ್ಕೆ ಜಾರಿಗೆ ಬಂದಿಲ್ಲ ಎಂದರೆ ಏನರ್ಥ? ಪತ್ರವನ್ನು ಮತ್ತೆ ಓದಿದೆ, ತಾರೀಖು ಸರಿ ಇತ್ತು. ಇನ್ನೊಮ್ಮೆ ಹಾಕಿದೆ, ಅದೇ ಉತ್ತರ. ಕೊನೆಗೆ ಈ ಯಂತ್ರದ ಪ್ರಕಾರ ಈಗ ಎಷ್ಟು ಹೊತ್ತು ಎಂದು ಕೇಳಿದೆ. ಬೆಳಗಿನ ಆರು ಗಂಟೆ ನಲವತ್ತೆರಡು ನಿಮಿಷ ಎಂದಿತು. ನನ್ನ ಕೈಗಡಿಯಾರದಲ್ಲಿ ಹನ್ನೆರಡೂ ಹನ್ನೆರಡು.

ಐದೂವರೆ ತಾಸಿನ ಅಂತರ. ನಮ್ಮ ಕಸುಬಿನವರಿಗೆ ಈ ಅಂಕಿ ಕಂಡರೆ ಬೇರೇನೂ ಹೇಳಬೇಕಿಲ್ಲ. ಜಗತ್ತಿನ ಲೆಕ್ಕದ ಸಮಯಕ್ಕೂ ನಮ್ಮ ದೇಶದ ಸಮಯಕ್ಕೂ ಇರುವ ಅಂತರ ಅದು. ಯಂತ್ರದೊಳಗಿನ ಬ್ಯಾಟರಿ ಗಡಿಯಾರ ಜಗತ್ತಿನ ಸಮಯದಲ್ಲಿ ಓಡುತ್ತಿತ್ತು. ಎರಡು ವರ್ಷದ ಹಿಂದೆ ಲಿನಕ್ಸ್ ಹಾಕುವಾಗ ಅದನ್ನು ನಮ್ಮ ಸಮಯವೆಂದೇ ತಿಳಿ ಎಂದು ತಪ್ಪು ಆಜ್ಞೆ ಕೊಟ್ಟವಳು ನಾನು. ಆಗ ಅಲ್ಲಿ ಇಂಟರ್ನೆಟ್ ಇರಲಿಲ್ಲ, ಹೊರಗಿನ ಗಡಿಯಾರ ನೋಡಿ ತಿದ್ದಿಕೊಳ್ಳಲು ಅದಕ್ಕೆ ದಾರಿಯಿರಲಿಲ್ಲ. ಲೈನು ಬಂದ ಮೇಲಾದರೂ ಆ ಸೌಲಭ್ಯ ಚಾಲೂ ಮಾಡಬೇಕಿತ್ತು, ಮಾಡಿರಲಿಲ್ಲ. ವರದಿಯ ಮೇಲೆ ತಾರೀಖು ಮಾತ್ರ ಮುದ್ರಣವಾಗುತ್ತದೆ, ಗಂಟೆ ಬರುವುದಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಯಾರು ಯಾವಾಗ ಏನು ಮಾಡಿದರು ಎಂದು ಯಂತ್ರ ಬರೆದಿಟ್ಟುಕೊಳ್ಳುವ ಲಾಗ್ ಕಡತ ತೆರೆದು ಆ ಶುಕ್ರವಾರಕ್ಕೆ ಹೋದೆ. ದಿನದ ಮೊದಲ ಸಾಲು ನಸುಕಿನ ಎರಡೂ ನಾಲ್ಕಕ್ಕೆ ಇತ್ತು. ಆ ಹೊತ್ತಿಗೆ ಭಾಲ್ಕಿಯ ಲ್ಯಾಬಿನಲ್ಲಿ ಇಲಿಯೂ ಇರುವುದಿಲ್ಲ. ಐದೂವರೆ ಕೂಡಿಸಿದರೆ ಏಳೂ ಮೂವತ್ತನಾಲ್ಕು, ಚಾಚಾ ಬಾಗಿಲು ತೆರೆಯುವ ಹೊತ್ತು. ಹಾಗಾದರೆ ಎಂಟೂ ಐದು ಎಂದರೆ ಮಧ್ಯಾಹ್ನ ಒಂದೂ ಮೂವತ್ತೈದು. ಮೇಲೆ ಕೆಳಗೆ ಒಂದೆರಡು ಸಾಲು ಓದಿದ್ದರೆ ಇದು ಮೊದಲ ದಿನವೇ ನನಗೆ ಕಾಣುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡೂ ಕಾಲಿನವರೆಗೆ ಚಾಚಾ ಜುಮ್ಮಾ ನಮಾಜಿಗೆ ಹೋಗುತ್ತಾರೆ. ಭಾಲ್ಕಿ ಕೇಂದ್ರಕ್ಕೆ ಒಮ್ಮೆ ಬಂದವರಿಗೂ ಅದು ಗೊತ್ತು. ನಾನು ಎದ್ದು ಡ್ರೆಸಿಂಗ್ ಕೋಣೆಯ ಬಾಗಿಲಿಗೆ ಹೋಗಿ, ಶುಕ್ರವಾರ ಆ ಹೊತ್ತಿಗೆ ಲ್ಯಾಬಿನ ಕಂಪ್ಯೂಟರಿಗೆ ಯಾರು ಕೂರುತ್ತಾರೆ ಎಂದು ಕೇಳಿದೆ. ಸಿಸ್ಟರ್ ಹತ್ತಿ ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಾನ್ರಿ," ಎಂದರು. "ಅವತ್ತೂ ನಾನೇ ಕುಂತಿದ್ದೆ."

ಆಮೇಲೆ ಎಲ್ಲ ಹೇಳಿದರು. ಶುಕ್ರವಾರ ಚಾಚಾ ನಮಾಜಿಗೆ ಹೋದಾಗ, ಅವರು ರಿಜಿಸ್ಟರಿನಲ್ಲಿ ಬರೆದಿಟ್ಟದ್ದನ್ನು ಈಕೆ ಕಂಪ್ಯೂಟರಿಗೆ ಏರಿಸುತ್ತಾರೆ. ಎರಡು ಗಂಟೆಯ ಬಸ್ಸಿಗೆ ಹೋಗುವವರು ವರದಿಗೆ ಕಾಯುತ್ತಿರುತ್ತಾರೆ. ಸೋಮವಾರ ಸಂಜೆ ಊರ ಮಠದ ಪ್ರಾರ್ಥನೆಗೆಂದು ಈಕೆ ಬೇಗ ಹೊರಟರೆ, ಉಳಿದ ರೋಗಿಗಳ ಡ್ರೆಸಿಂಗ್ ಪುಸ್ತಕ ಚಾಚಾ ನೋಡಿಕೊಳ್ಳುತ್ತಾರೆ. ಇದು ಯಾರೂ ಕೂತು ಮಾಡಿಕೊಂಡ ಕರಾರಲ್ಲ. ಅವತ್ತು ಬಸ್ಸಿನ ಗಡಿಬಿಡಿ, ಮೂರು ಜನ ಮೇಜಿಗೆ ಒರಗಿ ನಿಂತಿದ್ದರು, ರಕ್ತದ ಗುಂಪು ಆರಿಸುವ ಪಟ್ಟಿಯಲ್ಲಿ ಈಕೆ ಒಂದು ಸಾಲು ಮೇಲಿನದನ್ನು ಒತ್ತಿಬಿಟ್ಟರು. ತಪ್ಪು ಗೊತ್ತಾದ ದಿನ ಬೀದರಿಗೆ ಬಂದು ಹೇಳುತ್ತೇನೆಂದು ಹೊರಟವರನ್ನು ಚಾಚಾ ತಡೆದು, ಬಾಯಿ ತೆಗೆಯಬಾರದೆಂದು ಮಗಳ ಮೇಲೆ ಆಣೆ ಹಾಕಿಸಿದ್ದರು. ಸಿಸ್ಟರ್ ವರ್ಷಕ್ಕೊಮ್ಮೆ ಕರಾರು ಬರೆಯುವ ನೌಕರರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ, ಮಗಳು ಕಾಲೇಜಿಗೆ ಹೋಗುತ್ತಾಳೆ.

"ನಿಮಗ ನೆನಪದ ಇಲ್ಲೋ," ಎಂದರು ಆಮೇಲೆ. "ಈ ಮಶೀನ್ ಕುಂದ್ರಿಸಿದ ದಿನಾ ನಾ ಕೇಳಿದ್ದೆ, ನಂಗ ಬ್ಯಾರೆ ಹೆಸರು ಬ್ಯಾಡೇನ್ರಿ ಅಂತ. ಇಬ್ಬರಿಗೂ ಒಂದೇ ಸಾಕು ಅಂದ್ರಿ ನೀವು."

ನೆನಪಿತ್ತು. ಬಸ್ಸಿಗೆ ಹೊತ್ತಾಗಿತ್ತು, ಇನ್ನೊಂದು ಹೆಸರು ಸೇರಿಸಲು ಬೇಸರವಾಗಿತ್ತು. ಚಾಚಾನ ಹೆಸರು, ಪಾಸ್‌ವರ್ಡು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ನಾನೇ ಅಂಟಿಸಿದ್ದೆ. ಔರಾದಿನಲ್ಲಿ ಎಲ್ಲರ ಎದುರು ನಾನು ಆಡಿದ ಮಾತು ಆಗ ನನ್ನ ಕೆನ್ನೆಗೇ ಬಂದು ಬಿತ್ತು. ಅಷ್ಟು ನಾಚಿಕೆ ನನಗೆ ಬೇರೆಂದೂ ಆಗಿಲ್ಲ. ಅವತ್ತು ಗಡಿಯಾರ ತಿದ್ದಿದೆ, ಹೊರಗಿನ ಸಮಯಕ್ಕೆ ಜೋಡಿಸಿದೆ. ತಿದ್ದುವ ಮುಂಚಿನ ಸ್ಥಿತಿಯನ್ನೂ ಆ ಶುಕ್ರವಾರದ ಲಾಗನ್ನೂ ಪೂರ್ತಿ ಮುದ್ರಿಸಿಕೊಂಡೆ. ಪ್ರಮಾಣಪತ್ರ ಒಪ್ಪಿಗೆಯಾಯಿತು, ನಕಲು ತುಂಬಿಕೊಂಡಿತು. ಯಾವ ಖುಷಿಯೂ ಆಗಲಿಲ್ಲ.

ಮರುದಿನ ಹಳೆಯ ಪಟ್ಟಣದ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿದ್ದ ಚಾಚಾನ ಮನೆಗೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು, ಚಹಾ ಬಂತು. ಎಂಟೂ ಐದು ಅಲ್ಲ, ಒಂದೂ ಮೂವತ್ತೈದು ಎಂದು ಹೇಳಿದೆ. ಗಡಿಯಾರದ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ತಾವು ಮಾಡಿದ್ದಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತಲ್ಲ.

"ಬಿಡು ಬೇಟಿ. ನಂದು ಪಕ್ಕಾ ನೌಕರಿ, ಬೈದು ಬಿಡ್ತಾರ. ಆಕಿಗಿ ಒಂದ ಮಾತು ಬಂದ್ರ ಸೀದಾ ಮನಿಗಿ ಕಳಸ್ತಾರ."

ಬೈದು ಬಿಡುವುದಿಲ್ಲ, ಕೆಲಸದಿಂದ ತೆಗೆಯುವ ಆದೇಶದ ಕರಡು ಆಗಲೇ ತಯಾರಾಗಿದೆ, ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ನಾನೇ ನೋಡಿದ್ದೇನೆ ಎಂದೆ. ಮೂವತ್ತು ವರ್ಷ ದುಡಿದ ಮೇಲೆ, ಒಬ್ಬ ಬಾಣಂತಿಯ ಜೀವಕ್ಕೆ ಕುತ್ತು ತಂದವರು ಎಂಬ ಹೆಸರು ಹೊತ್ತು ಹೋಗುತ್ತೀರಾ ಎಂದು ದನಿ ಏರಿಸಿಯೇ ಕೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ನಾ ನಮಾಜಿಗಿ ಹೋಗ್ಲಿ ಅಂತ ಆಕಿ ನನ್ನ ಕುರ್ಚಿ ಮ್ಯಾಲ ಕುಂತಾಳ," ಎಂದರು. "ಅದರ ಸಜಾ ಆಕಿಗಿ ಆಗ್ಬೇಕೇನು? ಆಮ್ಯಾಲ ನಾ ಯಾವ ಮುಖಾ ಹೊತ್ತು ನಮಾಜಿಗಿ ನಿಂದರ್ಲಿ?"

ನಾನು ಎದ್ದೆ. ಸಮಿತಿಗೆ ಈ ಲಾಗಿನ ಕಾಗದ ಕೊಡಬೇಡ ಎಂದು ಅವರು ಬಾಗಿಲವರೆಗೂ ಬಂದು ಹೇಳಿದರು.

ಮನೆಗೆ ಬಂದು ಕಾಗದ ಬರೆಯಲು ಕುಳಿತೆ. ಮೊದಲು ಬರೆದದ್ದರಲ್ಲಿ, ನಮೂದಾದ ನಿಜವಾದ ಸಮಯ ಇಂತಿಷ್ಟು, ಆಗ ಟೆಕ್ನಿಷಿಯನ್ನರು ಅಲ್ಲಿರಲಿಲ್ಲ ಎಂದಿತ್ತು. ಓದಿ ನೋಡಿದರೆ ಅದು ಇನ್ನೊಬ್ಬರತ್ತ ನೆಟ್ಟಗೆ ಬೆರಳು ತೋರಿಸುತ್ತಿತ್ತು, ನನ್ನ ಕೈ ಮಾತ್ರ ಸ್ವಚ್ಛವಾಗಿ ಉಳಿಯುತ್ತಿತ್ತು. ಹರಿದು ಹಾಕಿದೆ. ಸುಮ್ಮನಿದ್ದುಬಿಡಲೇ ಎಂದೂ ಯೋಚಿಸಿದೆ. ಇಬ್ಬರೂ ಸುಮ್ಮನಿರು ಎನ್ನುತ್ತಿರುವಾಗ ನಾನ್ಯಾರು? ಆದರೆ ಸಮಿತಿಯ ಮುಂದೆ ಇದ್ದದ್ದು ನನ್ನ ಸಹಿಯ ಸುಳ್ಳು. ಅದು ಸುಳ್ಳೆಂದು ಗೊತ್ತಾದ ಮೇಲೆ ಅಲ್ಲೇ ಬಿಟ್ಟರೆ ಮೊದಲಿನದು ಅಜಾಗರೂಕತೆ, ಎರಡನೆಯದು ಪಾಪ. ಕೊನೆಗೆ, ನನಗೆ ಯಂತ್ರದಿಂದ ತಿಳಿದದ್ದನ್ನೆಲ್ಲ ಬರೆಯುವುದು, ಯಂತ್ರಕ್ಕೆ ಗೊತ್ತಿಲ್ಲದ ಹೆಸರನ್ನು ಬರೆಯದಿರುವುದು ಎಂದು ನಿಶ್ಚಯಿಸಿದೆ. ಗಡಿಯಾರ ಕೆಡಿಸಿದವಳು ನಾನು, ಇಬ್ಬರಿಗೆ ಒಂದೇ ಹೆಸರು ಕೊಟ್ಟವಳು ನಾನು, ಚೀಟಿ ಅಂಟಿಸಿದವಳು ನಾನು, ಓದದೆ ಸಹಿ ಹಾಕಿದವಳು ನಾನು ಎಂದು ಮೊದಲ ನಾಲ್ಕು ಸಾಲಿನಲ್ಲೇ ಬರೆದೆ. ಆಮೇಲೆ ಸಮಯ. ಕೊನೆಗೆ, ಈ ದಾಖಲೆಯಿಂದ ಯಾವ ವ್ಯಕ್ತಿ ಎಂದು ಹೇಳಲು ಬರುವುದಿಲ್ಲ ಎಂದು. ಸಿಸ್ಟರಿಗೆ ಫೋನು ಮಾಡಿ ಕಾಗದವನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ಆಯ್ತು ಎಂದಷ್ಟೇ ಹೇಳಿ ಇಟ್ಟರು.

ಸಮಿತಿ ಕೂತದ್ದು ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜದಲ್ಲಿ, ಕಾರ್ಯದರ್ಶಿಗಳ ಅಡತ್ ದಲಾಲಿ ಅಂಗಡಿಯ ಮಾಳಿಗೆಯಲ್ಲಿ. ತೊಗರಿ ಬರುತ್ತಿದ್ದ ಕಾಲ, ಅವರು ಗಂಜ ಬಿಟ್ಟು ಕದಲುವ ಹಾಗಿರಲಿಲ್ಲ. ಕೆಳಗೆ ಲಾರಿ, ಹಮಾಲರ ಕೂಗು, ಮೇಲೆ ಗಾದಿಯ ಮೇಲೆ ಮೂವರು: ಕಾರ್ಯದರ್ಶಿಗಳು, ದೊಡ್ಡ ಆಸ್ಪತ್ರೆಯ ಮುಖ್ಯ ವೈದ್ಯರು, ಟ್ರಸ್ಟಿನ ಸದಸ್ಯರಾದ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಚಾಚಾ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು, ನನ್ನತ್ತ ನೋಡಲಿಲ್ಲ. ನಾನು ಕಾಗದ ಓದಿದೆ. ಲಾಗಿನ ಹಾಳೆಗಳನ್ನು ಹರಡಿ ನಸುಕಿನ ಎರಡು ಗಂಟೆಯ ಸಾಲು ತೋರಿಸಿದೆ. ವೈದ್ಯರಿಗೆ ತಟ್ಟನೆ ಅರ್ಥವಾಯಿತು. ಕಾರ್ಯದರ್ಶಿಗಳು ಒಪ್ಪಲು ತಯಾರಿರಲಿಲ್ಲ.

"ಅಂದ್ರ ಮಶೀನು ಸುಳ್ಳು ಹೇಳ್ಯದೇನ್ರಿ?"

"ಮಶೀನಲ್ರಿ, ನಾ ಹೇಳೀನಿ," ಎಂದೆ.

ಹಾಗಾದರೆ ಆ ಹೊತ್ತಿಗೆ ಅಲ್ಲಿ ಕೂತವರು ಯಾರು, ನಿಮಗೆ ಗೊತ್ತಿದೆಯೇ ಎಂದು ಹೆಡ್‌ಮಾಸ್ತರರು ಕೇಳಿದರು. ಗೊತ್ತಿದೆ ಎಂದೆ. ಆದರೆ ಅದು ಯಂತ್ರ ಹೇಳಿದ್ದಲ್ಲ, ಮನುಷ್ಯರು ನನ್ನನ್ನು ನಂಬಿ ಹೇಳಿದ್ದು, ಆ ಮಾತು ನನ್ನದಲ್ಲ ಎಂದೆ. ಕಾರ್ಯದರ್ಶಿಗಳು ರೇಗಿದರು. ಚಾಚಾ ಎದ್ದು ನಿಂತು, ತಮ್ಮ ತಪ್ಪೊಪ್ಪಿಗೆ ಕಾಗದ ಹಾಗೇ ಇರಲಿ, ಅದರಂತೆ ಆದೇಶ ಮಾಡಿಬಿಡಿ ಎಂದು ಕೈಮುಗಿದರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಸಿಸ್ಟರ್ ಬಂದರು. ಭಾಲ್ಕಿಯ ಬಸ್ಸಿಗೆ ಬಂದು ಕೆಳಗೆ ಚೀಲಗಳ ಮರೆಯಲ್ಲಿ ಕುಳಿತಿದ್ದರಂತೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಚಾನ ಕಡೆ ತಿರುಗಿ ನಿಂತರು.

"ಮಗಳ ಮ್ಯಾಲ ಆಣಿ ಹಾಕ್ಸಿದ್ರಿ ನೀವು. ನಿನ್ನಿ ರಾತ್ರಿ ಆಕಿಗೇ ಕೇಳ್ದೆ. ಹೋಗಿ ಹೇಳು ಅಂದಾಳ," ಎಂದರು. ಆಮೇಲೆ ಸಮಿತಿಯ ಕಡೆ ತಿರುಗಿದರು. "ನಾನ್ರಿ ಅದು ಹಾಕ್ದಾಕಿ."

ಚಾಚಾ ಕುರ್ಚಿಯಲ್ಲಿ ಕುಳಿತು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ನಿರ್ಣಯ ವಾರದಲ್ಲಿ ಬಂತು. ಚಾಚಾನಿಗೆ, ಸುಳ್ಳು ತಪ್ಪೊಪ್ಪಿಗೆ ಕೊಟ್ಟದ್ದಕ್ಕೆ ಎಚ್ಚರಿಕೆ, ಮರಳಿ ಕೆಲಸಕ್ಕೆ. ನನಗೆ ಒಂದು ಮೆಮೋ. ಸಿಸ್ಟರಿಗೆ ತಿಂಗಳ ಕೊನೆಗೆ ಕರಾರು ಮುಕ್ತಾಯ, ಮತ್ತೆ ಬರೆಯುವುದಿಲ್ಲ. ಮೂಲ ತಪ್ಪು ನನ್ನದು, ಮೆಮೋದ ಬದಲು ನನ್ನನ್ನೇ ತೆಗೆಯಿರಿ ಎಂದು ಕಾರ್ಯದರ್ಶಿಗಳ ಬಳಿ ಎರಡು ಸಲ ಹೋಗಿ ವಾದಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಆ ಬಾಣಂತಿಯ ಮನೆಯವರಿಗೆ ನಾನು ಏನೆಂದು ಹೇಳಲಿ ಎಂದು ಕೇಳಿದರು. ವೈದ್ಯರು ಹೇಳಿಕಳಿಸಿದ್ದರಿಂದ ಭಾಲ್ಕಿಯ ಇನ್ನೊಂದು ದವಾಖಾನೆಯವರು ಸಿಸ್ಟರಿಗೆ ಕೆಲಸ ಕೊಡುವುದನ್ನು ನೋಡುತ್ತೇವೆ ಎಂದರು. ನೋಡುತ್ತೇವೆ ಎಂದಷ್ಟೇ.

ತಿಂಗಳ ಕೊನೆಯ ದಿನ ನಾನು ಭಾಲ್ಕಿಯಲ್ಲಿದ್ದೆ. ಡೈರೆಕ್ಟರಿಯ ಮೂರೂ ಪುಸ್ತಕಗಳು ಈಗ ಒಂದಕ್ಕೊಂದು ತಾಳೆಯಾಗಿದ್ದವು. ಸಿಸ್ಟರಿಗೂ ಅವರದೇ ಹೆಸರಿನ ಖಾತೆ ಇತ್ತು, ಮೂರು ವಾರ ಹಳೆಯದು. ವಿಚಾರಣೆ ಮುಗಿಯುವವರೆಗೆ ಮುಟ್ಟಬಾರದೆಂದು ಸಮಿತಿ ಹೇಳಿದ್ದರಿಂದ ಖಟಕ ಚಿಂಚೋಳಿಯ ಆ ಬಾಣಂತಿಯ ದಾಖಲೆಯಲ್ಲಿ ಇನ್ನೂ ಪಾಸಿಟಿವ್ ಎಂದೇ ಉಳಿದಿತ್ತು. ಈಗ ತಿದ್ದಲು ಪತ್ರ ಬಂದಿತ್ತು. ಚಾಚಾ ತಮ್ಮ ಕುರ್ಚಿಗೆ ಕೂರಲು ಹೋದರು. ಸಿಸ್ಟರ್ ಬಂದು, ಅದನ್ನು ತಾವೇ ತಿದ್ದುವುದಾಗಿ ಹೇಳಿದರು. ಚಾಚಾ ಎದ್ದು 'ಕುಂದ್ರು' ಎಂದು ಜಾಗ ಬಿಟ್ಟರು.

ಸಿಸ್ಟರ್ ತಮ್ಮ ಸಿಬ್ಬಂದಿ ಸಂಖ್ಯೆ ಹಾಕಿ, ನಮ್ಮತ್ತ ಬೆನ್ನು ಮಾಡಿ ತಮ್ಮ ಪಾಸ್‌ವರ್ಡು ಒತ್ತಿದರು. ಚಾಚಾ ರಿಜಿಸ್ಟರ್ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು, ಓ ನೆಗೆಟಿವ್. ಸಿಸ್ಟರ್ ಪಟ್ಟಿಯಲ್ಲಿ ಆ ಸಾಲು ಆರಿಸಿ, ಒತ್ತುವ ಮುಂಚೆ ತಾವೂ ಗಟ್ಟಿಯಾಗಿ ಓದಿದರು. ಚಾಚಾ ಹೂಂ ಎಂದ ಮೇಲೆ ಒತ್ತಿದರು. ನಾನು ಪಕ್ಕದ ಪರದೆಯಲ್ಲಿ ಲಾಗ್ ನೋಡುತ್ತಿದ್ದೆ. ತಾರೀಖು, ಹನ್ನೊಂದೂ ಇಪ್ಪತ್ತು, ಅವರ ಹೆಸರು, ಓ ನೆಗೆಟಿವ್. ಆ ಸಾಲನ್ನು ಅವರಿಗೆ ಓದಿ ಹೇಳಿದೆ.

ಸಂಜೆ ಐದಕ್ಕೆ ಸರಿಯಾಗಿ ಆ ಖಾತೆಯನ್ನು ಮುಚ್ಚಬೇಕೆಂದು ನನಗೆ ಲಿಖಿತ ಆದೇಶವಿತ್ತು. ಐದು ಗಂಟೆಗೆ ಸಿಸ್ಟರ್ ಇನ್ನೂ ಒಬ್ಬ ಮುದುಕನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿ, ಕೈತೊಳೆದು ಬಂದು, ಅದನ್ನು ಕಂಪ್ಯೂಟರಿನಲ್ಲಿ ತಮ್ಮ ಹೆಸರಿನಲ್ಲೇ ಬರೆದಿಟ್ಟು ಎದ್ದರು. ಭಾತಂಬ್ರಾ ಬಸ್ಸಿನವರೆಗೆ ಚಾಚಾ ಅವರ ಚೀಲ ಹಿಡಿದುಕೊಂಡು ಹೋದರು. ಅವರಿಬ್ಬರೂ ತಿರುವು ದಾಟಿದ ಮೇಲೆ ನಾನು ಖಾತೆ ಮುಚ್ಚಿದೆ. ಐದೂ ಇಪ್ಪತ್ತೆರಡಾಗಿತ್ತು. ತಡಮಾಡಿದವಳು ಯಾರು ಎಂದು ಯಾರಾದರೂ ಕೇಳಿದರೆ ಲಾಗಿನಲ್ಲಿ ನನ್ನ ಹೆಸರಿದೆ.